ನಿಂತಲ್ಲೇ ಇಳಿಯುವ ಬ್ಯಾಟರಿ

ಹೊಸ ಬ್ಯಾಟರಿ ಹಾಕಿಸಿ ಇನ್ನೂ ತಿಂಗಳಾಗಿರುವುದಿಲ್ಲ. ಶುಕ್ರವಾರ ಸಂಜೆ ಚೆನ್ನಾಗಿಯೇ ಓಡಿದ ಕಾರು ಸೋಮವಾರ ಬೆಳಿಗ್ಗೆ ಕೀಲಿ ತಿರುವಿದರೆ ಟಿಕ್ ಟಿಕ್ ಎನ್ನುತ್ತದೆಯೇ ಹೊರತು ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಪಕ್ಕದವರ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಒಯ್ದರೆ, ‘ಬ್ಯಾಟರಿ ಹೋಗಿದೆ, ಬೇರೆ ಹಾಕಿಸಿಬಿಡಿ’ ಎಂಬ ಉತ್ತರ ಸಿಗುತ್ತದೆ. ಎರಡನೆಯದೂ ಹೀಗೆಯೇ ಕೈಕೊಟ್ಟಾಗ ಮಾತ್ರ, ಕಾರಿನೊಳಗೆ ಇನ್ನೇನೋ ಕರೆಂಟ್ ಎಳೆಯುತ್ತಿರಬೇಕು ಎಂಬ ಅನುಮಾನ ಶುರುವಾಗುತ್ತದೆ. ಅದು ಯಾವುದೆಂದು ಪತ್ತೆ ಮಾಡುವುದು ಮನೆಯಂಗಳದಲ್ಲೇ ಆಗುವ ಕೆಲಸ. ಎರಡು ಸಾಧಾರಣ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಹತ್ತನೇ ನಂಬರಿನ ಸ್ಪ್ಯಾನರ್ ಇದ್ದರೆ ಸಾಕು. ಆದರೆ ಒಂದು ಗಂಟೆ ಕಾರಿನ ಯಾವುದನ್ನೂ ಮುಟ್ಟದೆ ಸುಮ್ಮನೆ ಕಾಯಲು ಬರಬೇಕು. ಈ ಕೆಲಸ ಕೆಡುವುದೆಲ್ಲ ಅಲ್ಲೇ.

ಕೀಲಿ ತೆಗೆದು ಬಾಗಿಲು ಹಾಕಿದ ಮಾತ್ರಕ್ಕೆ ಇಂದಿನ ಕಾರು ಪೂರ್ತಿ ಆಫ್ ಆಗುವುದಿಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ನಿಂತ ಕಾರು ಬ್ಯಾಟರಿಯಿಂದ ಏನನ್ನೂ ಎಳೆಯುತ್ತಿರಲಿಲ್ಲ ಎಂದರೂ ನಡೆಯುತ್ತದೆ. ಈಗ ರಿಮೋಟಿನ ಸಂಕೇತಕ್ಕೆ ಕಾಯುವ ರಿಸೀವರ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಗಡಿಯಾರ, ಸ್ಟೀರಿಯೊದ ನೆನಪು, ಲೈಟು-ಲಾಕುಗಳ ಉಸ್ತುವಾರಿಯ ಕಂಟ್ರೋಲ್ ಮಾಡ್ಯೂಲ್ ಎಲ್ಲಕ್ಕೂ ಹಗಲಿರುಳು ಚೂರು ಚೂರು ಕರೆಂಟ್ ಬೇಕು. ಎಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಇದ್ದರೆ ಅದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ಹುಡುಕಬೇಕು.

ಸಹಜವಾದದ್ದೂ ಪುಕ್ಕಟೆಯಲ್ಲ. ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ದಿನವಿಡೀ 20 ಮಿಲಿಆಂಪಿಯರ್ ಹರಿದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಖರ್ಚು. ನಲವತ್ತು ದಿನಕ್ಕೆ ಹತ್ತೊಂಬತ್ತು. ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ಬ್ಯಾಟರಿ ಖಾಲಿ. 2020ರ ಲಾಕ್‌ಡೌನಿನಲ್ಲಿ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ನಿಂತೇ ಇದ್ದ ಎಷ್ಟೋ ಕಾರುಗಳು ಮತ್ತೆ ಸ್ಟಾರ್ಟ್ ಆಗದಿದ್ದುದಕ್ಕೆ ಈ ಲೆಕ್ಕವೇ ಸಾಕು, ಬೇರೆ ದೋಷ ಇರಬೇಕಾಗಿರಲಿಲ್ಲ. ಆದ್ದರಿಂದ ಕಾರು ಎಷ್ಟು ದಿನ ನಿಂತಿತ್ತು ಎಂದು ಮೊದಲು ಕೇಳಬೇಕು. ತಿಂಗಳುಗಟ್ಟಲೆ ನಿಂತಿದ್ದರೆ ಹುಡುಕಾಟ ಬೇಡ, ಚಾರ್ಜ್ ಮಾಡಿದರಾಯಿತು. ಮೂರೇ ರಾತ್ರಿಗೆ ಮಲಗಿದ್ದರೆ ಮೀಟರ್ ತೆಗೆಯಿರಿ.

ಮೀಟರನ್ನು ಮೊದಲು ಬ್ಯಾಟರಿಗೇ ಹಿಡಿಯಬೇಕು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಕೋಶವೇ ಇಂದಿಗೂ ನಮ್ಮ ಬಾನೆಟ್ಟಿನ ಕೆಳಗಿದೆ. ಅಂಥ ಆರು ಕೋಶಗಳು ಸೇರಿ, ತುಂಬಿದ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿ ಪಡೆದ ಮೇಲೆ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.2 ಎಂದರೆ ಅರ್ಧ ಇಳಿದಿದೆ. 12ರ ಕೆಳಗೆ ಹೋದರೆ ಬಹುಪಾಲು ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಬರುತ್ತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂದರ್ಥ. ಪೂರ್ತಿ ಚಾರ್ಜ್ ಮಾಡಿ, ಎರಡೂ ಕೇಬಲ್ ಕಳಚಿ ಮೂಲೆಯಲ್ಲಿಟ್ಟ ಬ್ಯಾಟರಿ ಒಂದೆರಡು ದಿನದಲ್ಲಿ ತಾನಾಗಿ ಇಳಿದುಹೋದರೆ ದೋಷ ಅದರದ್ದೇ. ಇಳಿಯದಿದ್ದರೆ ಕಾರಿನದ್ದು. ಇಷ್ಟು ಸರಳವಾದ ಈ ಪರೀಕ್ಷೆ ಮಾಡದೆಯೇ ಬ್ಯಾಟರಿ ಬದಲಿಸುತ್ತಾರಲ್ಲ ಎಂಬುದು ನನ್ನ ಸಂಕಟ. ಯಾವ ಬ್ಯಾಟರಿಯೂ ತನ್ನಷ್ಟಕ್ಕೆ ಅಷ್ಟಿಷ್ಟು ಇಳಿಯುತ್ತದೆ, ನಿಜ. ಶಾಖ ಹತ್ತು ಡಿಗ್ರಿ ಏರಿದರೆ ಆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದು ಇನ್ನಷ್ಟು ಜೋರು. ಆದರೂ ಮೂರು ರಾತ್ರಿಗೆ ಬರಿದಾಗುವಷ್ಟಲ್ಲ.

ಕಾರು ಎಳೆಯುವ ಕರೆಂಟನ್ನು ಅಳೆಯುವ ಮೊದಲು ಸ್ವಲ್ಪ ಸಿದ್ಧತೆ ಬೇಕು. ಗಾಜು ಇಳಿಸಿ, ಬಾಗಿಲು ತೆರೆದೇ ಇಟ್ಟು, ಅದರ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿಬಿಟ್ಟರೆ ಬಾಗಿಲು ಹಾಕಿದೆ ಎಂದೇ ಕಾರು ತಿಳಿಯುತ್ತದೆ. ಆಮೇಲೆ ಬಾಗಿಲು ಮುಟ್ಟದೆ ಫ್ಯೂಸ್ ಪೆಟ್ಟಿಗೆಗೆ ಕೈಹಾಕಬಹುದು. ಬಟನ್ ಸ್ಟಾರ್ಟ್ ಕಾರಾದರೆ ಕೀಲಿಯನ್ನು ಮನೆಯೊಳಗೆ ದೂರ ಇಡಿ. ಕಳಚಬೇಕಾದದ್ದು ನೆಗೆಟಿವ್ ಕೇಬಲನ್ನೇ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್ ಆಗುತ್ತದೆ, ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಆ ಕಿಡಿ ಸಾಕು. ಮೀಟರಿನ ಕೆಂಪು ವಯರನ್ನು 10 ಆಂಪಿಯರಿನ ತೂತಿಗೆ ಹಾಕಿ, ಒಂದು ಕಡ್ಡಿಯನ್ನು ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಕೇಬಲಿನ ಕ್ಲ್ಯಾಂಪಿಗೂ ಒತ್ತಿಹಿಡಿದು, ಆಮೇಲೆ ಕ್ಲ್ಯಾಂಪನ್ನು ಮೆಲ್ಲಗೆ ಮೇಲೆತ್ತಬೇಕು. ಹೀಗೆ ಮಾಡಿದರೆ ಕರೆಂಟ್ ಒಂದು ಕ್ಷಣವೂ ಕಡಿಯುವುದಿಲ್ಲ. ಕಡಿದರೆ ಅಂಟಿಕೊಂಡಿದ್ದ ರಿಲೇ ಬಿಟ್ಟುಕೊಂಡು, ಕೆಟ್ಟು ಕೂತಿದ್ದ ಮಾಡ್ಯೂಲ್ ಹೊಸದಾಗಿ ಶುರುವಾಗಿ, ನಾವು ಹುಡುಕುತ್ತಿದ್ದ ದೋಷವೇ ಆ ಹೊತ್ತಿಗೆ ಮಾಯವಾದೀತು. ಮೀಟರ್ ನಡುವೆ ಇರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬಾರದು. ಸ್ಟಾರ್ಟರ್ ಮೋಟಾರ್ ನೂರು ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ.

ಈಗ ಪರದೆ ನೋಡಿ. ಮೊದಲಿಗೆ ಎರಡೋ ಮೂರೋ ಆಂಪಿಯರ್ ತೋರಿಸಬಹುದು, ಗಾಬರಿ ಬೇಡ. ಅರ್ಧ ನಿಮಿಷದಲ್ಲಿ ಒಳಗಿನ ಲೈಟು ಮಂಕಾಗಿ ಆರಿದೊಡನೆ ಅಂಕಿ ಒಂದರ ಕೆಳಗೆ ಬರುತ್ತದೆ. ಇನ್ನಷ್ಟು ಹೊತ್ತು ಕಳೆದರೆ 0.4, ಮತ್ತೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಒಮ್ಮೆಲೇ 0.15. ಹೀಗೆ ಮೆಟ್ಟಿಲಿಳಿದಂತೆ ಇಳಿಯಲು ಕಾರಣ ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ದೆಗೆ ಹೋಗುವುದು. ಅವೆಲ್ಲ ಮಾತಾಡಿಕೊಳ್ಳುವ ಜಾಲಕ್ಕೆ ‘ಕ್ಯಾನ್’ ಎನ್ನುತ್ತಾರೆ. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಪರಿಚಯಿಸಿದ್ದು. ಜಾಲ ಮೌನವಾದರೆ ಎಲ್ಲವೂ ಮಲಗುತ್ತವೆ. ಯಾವುದೋ ಒಂದು ಬಿಡದೆ ಸಂದೇಶ ಕಳಿಸುತ್ತಿದ್ದರೆ ಉಳಿದವೂ ಎಚ್ಚರವಾಗಿಯೇ ಇರಬೇಕಾಗುತ್ತದೆ. ಪೂರ್ತಿ ಮಲಗಲು ಕೆಲವು ಕಾರುಗಳಿಗೆ ಐದು ನಿಮಿಷ ಸಾಕು, ಕೆಲವಕ್ಕೆ ಮುಕ್ಕಾಲು ಗಂಟೆ ಬೇಕು. ಟರ್ಮಿನಲ್ ತಾಗಿಸಿದಾಗ ಕಿಡಿ ಹಾರಿತು, ಆದ್ದರಿಂದ ಕರೆಂಟ್ ಸೋರುತ್ತಿದೆ ಎಂದು ತೀರ್ಪು ಕೊಡುವ ಹಳೆಯ ರೂಢಿ ಅಂಬಾಸಡರಿಗೆ ಸರಿ. ಇಂದಿನ ಕಾರಿನಲ್ಲಿ ಎಲ್ಲ ಮಾಡ್ಯೂಲುಗಳೂ ಆ ಕ್ಷಣ ಎಚ್ಚರಗೊಳ್ಳುವುದರಿಂದ ಕಿಡಿ ಹಾರಿಯೇ ಹಾರುತ್ತದೆ.

ಗಂಟೆ ಕಳೆದರೂ ಅಂಕಿ 0.31ರಲ್ಲೇ ನಿಂತಿದೆ ಎನ್ನಿ. ಯಾವ ದಾರಿಯಲ್ಲಿ ಹೋಗುತ್ತಿದೆ? ಸಾಮಾನ್ಯವಾಗಿ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾರೆ, ಅಂಕಿ ಎಲ್ಲಿ ಬೀಳುತ್ತದೋ ಅದೇ ದಾರಿ ಎನ್ನುತ್ತಾರೆ. ತಪ್ಪೇನಲ್ಲ. ಆದರೆ ಫ್ಯೂಸ್ ಕಿತ್ತು ಮತ್ತೆ ಹಾಕಿದಾಗ ಅದರ ಮಾಡ್ಯೂಲ್ ಎದ್ದು ಜಾಲವನ್ನೆಲ್ಲ ಎಬ್ಬಿಸಬಹುದು, ಮತ್ತೆ ಮುಕ್ಕಾಲು ಗಂಟೆ ಕಾಯಬೇಕು. ಅದಕ್ಕಿಂತ ಒಳ್ಳೆಯ ಉಪಾಯವಿದೆ. ಮಲಗಿದ ಮಗುವನ್ನು ಎಬ್ಬಿಸದೆ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಕಿಂಡಿಗಳಲ್ಲಿ ಲೋಹದ ಚುಕ್ಕೆ ಹೊಳೆಯುತ್ತಿರುತ್ತದೆ. ಇನ್ನೊಂದು ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ ಆ ಎರಡೂ ಚುಕ್ಕೆಗೆ ಕಡ್ಡಿ ತಾಗಿಸಿ. ಫ್ಯೂಸೂ ಒಂದು ತಂತಿಯೇ ತಾನೆ. ಅದಕ್ಕೂ ಚೂರು ಪ್ರತಿರೋಧ ಇದೆ. ಕೆಂಪು ಬಣ್ಣದ 10 ಆಂಪಿಯರಿನ ಚಿಕ್ಕ ಫ್ಯೂಸಿಗೆ ಸುಮಾರು 7ರಿಂದ 8 ಮಿಲಿಓಮ್. ಅದರಲ್ಲಿ 100 ಮಿಲಿಆಂಪಿಯರ್ ಹರಿದರೆ ಎರಡು ಚುಕ್ಕೆಗಳ ನಡುವೆ ಮುಕ್ಕಾಲು ಮಿಲಿವೋಲ್ಟಿನಷ್ಟು ವ್ಯತ್ಯಾಸ ಬರುತ್ತದೆ. ಏನೂ ಹರಿಯದಿದ್ದರೆ ಸೊನ್ನೆ. ಇಡೀ ಪೆಟ್ಟಿಗೆಯನ್ನು ಹೀಗೆ ನಾಲ್ಕೈದು ನಿಮಿಷದಲ್ಲಿ ನೋಡಿ ಮುಗಿಸಬಹುದು, ಏನನ್ನೂ ಕೀಳದೆ. ಹೈಸ್ಕೂಲಿನ ಓಮ್‌ನ ನಿಯಮ ಇಷ್ಟು ನೇರವಾಗಿ ಕೈಗೆ ಬರುವುದನ್ನು ಕಂಡರೆ ನನಗೆ ಇಂದಿಗೂ ಖುಷಿಯಾಗುತ್ತದೆ.

ನಮ್ಮ ಬೀದಿಯ ಒಂದು ಕಾರಿನಲ್ಲಿ ಎಲ್ಲ ಫ್ಯೂಸುಗಳೂ ಸೊನ್ನೆಯ ಹತ್ತಿರವೇ ತೋರಿಸಿ, ನೀಲಿ ಬಣ್ಣದ 15 ಆಂಪಿಯರಿನದು ಮಾತ್ರ 1.3 ಮಿಲಿವೋಲ್ಟ್ ತೋರಿಸಿತು. ಅದು ಸ್ಟೀರಿಯೊದ ಫ್ಯೂಸ್. ಕಿತ್ತಾಗ ಒಟ್ಟು ಕರೆಂಟ್ 0.31ರಿಂದ 0.03ಕ್ಕೆ ಬಿತ್ತು. ಸ್ಟೀರಿಯೊವನ್ನು ಹೊರಗೆಳೆದು ನೋಡಿದರೆ ಅದರ ಹಳದಿ ವಯರೂ ಕೆಂಪು ವಯರೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿಕೊಂಡಿದ್ದವು. ಹಳದಿ ಸದಾ ಬ್ಯಾಟರಿಗೆ ಸೇರಿದ್ದು, ನೆನಪು ಉಳಿಸಲು. ಕೆಂಪಿಗೆ ಕೀಲಿ ತಿರುವಿದಾಗ ಮಾತ್ರ ಕರೆಂಟ್ ಬರಬೇಕು. ಕೀಲಿ ಇಲ್ಲದೆಯೂ ಹಾಡು ಕೇಳಲಿ ಎಂದು ಹಾಕುವವರು ಎರಡನ್ನೂ ಸೇರಿಸಿಬಿಟ್ಟಿದ್ದರು. ಪರದೆ ಕಪ್ಪಾಗಿದ್ದರೂ ಒಳಗಿನ ಸರ್ಕ್ಯೂಟ್ ರಾತ್ರಿಯಿಡೀ ಎಚ್ಚರ; ದಿನಕ್ಕೆ ಹತ್ತಿರ ಹತ್ತಿರ ಏಳು ಆಂಪಿಯರ್-ಅವರ್, ಮೂರು ದಿನಕ್ಕೆ ಇಪ್ಪತ್ತು.

ಹೊರಗಿನಿಂದ ಹಾಕಿಸಿದ ಸಾಮಾನುಗಳನ್ನೇ ನಾನು ಮೊದಲು ಅನುಮಾನಿಸುತ್ತೇನೆ: ಪಾರ್ಕಿಂಗಿನಲ್ಲೂ ಚಿತ್ರ ತೆಗೆಯುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಮರೆತ ಒಬಿಡಿ ಡಾಂಗಲ್. ಕಂಪನಿಯಿಂದಲೇ ಬಂದವುಗಳಲ್ಲಿ ಡಿಕ್ಕಿಯ ಮತ್ತು ಗ್ಲೋವ್ ಬಾಕ್ಸಿನ ಲೈಟು. 5 ವ್ಯಾಟಿನ ಪುಟ್ಟ ಬಲ್ಬು ಉರಿಯುತ್ತಲೇ ಇದ್ದರೆ ದಿನಕ್ಕೆ ಹತ್ತು ಆಂಪಿಯರ್-ಅವರ್ ತಿನ್ನುತ್ತದೆ. ಡಿಕ್ಕಿ ಮುಚ್ಚಿದ ಮೇಲೆ ಲೈಟು ಆರಿತೋ ಇಲ್ಲವೋ ಎಂದು ಕಾಣುವುದು ಹೇಗೆ? ಮೊಬೈಲಿನಲ್ಲಿ ವಿಡಿಯೊ ಹಾಕಿ ಒಳಗಿಟ್ಟು ಮುಚ್ಚಿ, ಆಮೇಲೆ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಫ್ಯೂಸುಗಳೆಲ್ಲ ಸೊನ್ನೆ ತೋರಿಸಿಯೂ ಕರೆಂಟ್ ಹರಿಯುತ್ತಿದ್ದರೆ, ಅದು ಆ ಪೆಟ್ಟಿಗೆಯ ಮೂಲಕ ಹೋಗದ ದಪ್ಪ ವಯರುಗಳಲ್ಲಿದೆ. ಅಲ್ಲಿ ಮುಖ್ಯ ಶಂಕಿತ ಆಲ್ಟರ್ನೇಟರ್. ಅದರೊಳಗಿನ ಡಯೋಡುಗಳು ಕರೆಂಟನ್ನು ಬ್ಯಾಟರಿಯತ್ತ ಮಾತ್ರ ಬಿಡಬೇಕು. ಒಂದು ಕೆಟ್ಟರೂ ಕಾರು ನಿಂತಾಗ ಕರೆಂಟ್ ಹಿಂದಕ್ಕೆ ಹರಿದು ಸುರುಳಿಗಳಲ್ಲಿ ಶಾಖವಾಗಿ ಹೋಗುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಆಲ್ಟರ್ನೇಟರ್ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿದ್ದರೆ ಬೇರೆ ಪುರಾವೆ ಬೇಡ. ಕೆಲವೊಮ್ಮೆ ಅಂಟಿಕೊಳ್ಳುವ ರಿಲೇಯಂಥ ಬಂದುಹೋಗುವ ದೋಷಗಳು ಇವೆಲ್ಲಕ್ಕಿಂತ ಕಷ್ಟ. ಅಳೆದಾಗ ಎಲ್ಲ ಸರಿ, ನಾಳೆ ಮತ್ತೆ ಖಾಲಿ. ಅಂಥವಕ್ಕೆ ಕ್ಲ್ಯಾಂಪ್ ಮೀಟರನ್ನು ಕೇಬಲಿಗೆ ಸಿಕ್ಕಿಸಿ ರಾತ್ರಿಯಿಡೀ ಗಮನಿಸುವ ಎಲೆಕ್ಟ್ರಿಷಿಯನ್ ಸಿಗಬೇಕು. ವಿದ್ಯುತ್ ಕಾರುಗಳಲ್ಲೂ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಇದೆ, ಅದೂ ಹೀಗೆಯೇ ಇಳಿಯಬಲ್ಲದು. ಆದರೆ ಅಲ್ಲಿ ಕಿತ್ತಳೆ ಬಣ್ಣದ ಕೇಬಲುಗಳ ಹತ್ತಿರ ನಾವು ಹೋಗಬಾರದು.

ದೋಷ ಸರಿಪಡಿಸಿದ ಮೇಲೆ ಬ್ಯಾಟರಿಯ ಸ್ಥಿತಿ ನೋಡಬೇಕು. ಪದೇ ಪದೇ ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆ ಭಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸಿದರೆ ಪೂರ್ತಿ ತುಂಬುವುದೂ ಇಲ್ಲ. ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡಬೇಕು. ಮರುದಿನವಿಡೀ ಕಾರನ್ನು ನಿಲ್ಲಿಸಿಟ್ಟು ಅದರ ಮಾರನೆಯ ಬೆಳಿಗ್ಗೆ ಅಳೆಯಿರಿ. 12.5ರ ಮೇಲಿದ್ದು ಸೆಲ್ಫ್ ಚುರುಕಾಗಿ ತಿರುಗಿದರೆ ಅದೇ ಬ್ಯಾಟರಿ ಇನ್ನೂ ಬಾಳುತ್ತದೆ. 12.2ಕ್ಕೆ ಬಂದಿದ್ದರೆ ಈಗ ಹೊಸದು ಕೊಳ್ಳಬಹುದು.