ಗಡಿಯನ್ನರಿಯದ ಅಡವಿ

ಗಡಿಯನ್ನು ಗೊತ್ತುಪಡಿಸುವವನು ಮನುಷ್ಯನು. ಮಹಾರಾಷ್ಟ್ರದ ಅಂಚಿನಲ್ಲಿ ಕನ್ನಡ ನುಡಿಯುತ್ತ ಬಾಳುವ ಸನಮಡಿಯ ನಮಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆದರೆ ಗಡಿಯು ಅಡವಿಯ ನಡುವೆ ಹಾಯ್ದರೆ ಏನಾಗುವುದೆಂಬುದನ್ನು ತಿಳಿಯಲು ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳಿಗೂ ಗೋವೆಗೂ ನಡುವೆ ಹಬ್ಬಿರುವ ಸಹ್ಯಾದ್ರಿಯ ಕಾಡನ್ನು ನೋಡಬೇಕು.

ಇಂದು ಇದು ಎರಡು ರಾಜ್ಯಗಳ ಗಡಿ. 1961ರ ಡಿಸೆಂಬರ್ 19ರಂದು ಗೋವೆಯು ಪೋರ್ತುಗೀಜರ ಆಳ್ವಿಕೆಯಿಂದ ಬಿಡುಗಡೆ ಹೊಂದುವವರೆಗೆ ಇದು ಎರಡು ದೇಶಗಳ ಗಡಿಯಾಗಿತ್ತು. ಘಟ್ಟದ ಮೇಲಿನ ಕ್ಯಾಸಲ್‌ರಾಕ್ ನಮ್ಮ ಕಡೆಯ ರೈಲು ನಿಲ್ದಾಣ. ಕೆಳಗಿನ ಕುಲೆಂ ಪೋರ್ತುಗೀಜರದು. ಸುಂಕದವರು ಪ್ರಯಾಣಿಕರ ಗಂಟುಮೂಟೆಗಳನ್ನು ಶೋಧಿಸುತ್ತಿದ್ದರು. ಇವೆರಡರ ನಡುವೆ ಧುಮುಕುವ ದೂಧಸಾಗರದ ನೀರನ್ನು ಮಾತ್ರ ಯಾರೂ ತಡೆಯಲಿಲ್ಲ.

ಈ ಕಾಡಿಗೂ ನಮ್ಮ ಬರಗಾಲದ ಸೀಮೆಗೂ ಏನು ಸಂಬಂಧ? ಅರಬ್ಬೀ ಸಮುದ್ರದ ತೇವಗಾಳಿಯು ಘಟ್ಟವನ್ನೇರುವಾಗ ತಣ್ಣಗಾಗಿ ಬಹುಪಾಲು ನೀರನ್ನು ಅಲ್ಲಿಯೇ ಸುರಿಸುತ್ತದೆ. ಮೂಡಣಕ್ಕೆ ದಾಟಿ ಬರುವ ಗಾಳಿಯಲ್ಲಿ ತೇವ ಅಲ್ಪ. ಜತ್ತ ತಾಲೂಕು ಇಂಥ ಮಳೆನೆರಳಿನಲ್ಲಿದೆ. ಆದರೂ ಆ ಮಳೆಯ ಒಂದು ಪಾಲು ಹೊಳೆಯಾಗಿ ಮೂಡಣ ನಾಡಿಗೆ ಇಳಿಯುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನ ಮಹದಾಯಿಯು ಪಶ್ಚಿಮಕ್ಕೆ ತಿರುಗಿ, ಗೋವೆಯಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಕಡಲನ್ನು ಕೂಡುತ್ತದೆ. ತರಗೆಲೆಯೂ ಬೇರೂ ಮಳೆನೀರನ್ನು ಮಣ್ಣಿನೊಳಗೆ ಇಂಗಿಸಿ, ಒರತೆಗಳ ಮೂಲಕ ಬೇಸಿಗೆಯಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಮರವಳಿದರೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿಯ ಕಲ್ಲು.

ಮಹದಾಯಿಯ ನೀರಿನ ಹಂಚಿಕೆಯ ಕುರಿತು ನ್ಯಾಯಮಂಡಳಿಯು 2018ರಲ್ಲಿ ತೀರ್ಪಿತ್ತಿತು, ವಾದವಿನ್ನೂ ಮುಗಿದಿಲ್ಲ. ನೀರಿನ ಪಾಲನ್ನು ಎಣಿಸುವವರು ಆ ನೀರನ್ನು ಹಿಡಿದಿಡುವ ಕಾಡನ್ನೂ ಎಣಿಸಬೇಕಲ್ಲವೆ?

ಗೋವೆಯವರು 1999ರಲ್ಲಿ ಮಹದಾಯಿ ಅಭಯಾರಣ್ಯವನ್ನೂ, ಕರ್ನಾಟಕದವರು 2011ರಲ್ಲಿ ಭೀಮಗಡ ಅಭಯಾರಣ್ಯವನ್ನೂ ಘೋಷಿಸಿದರು. ಹೆಸರು ಎರಡು, ಅಡವಿ ಒಂದೇ. ಹುಲಿಯು ಅತ್ತಿಂದಿತ್ತ ಸಂಚರಿಸುತ್ತದೆ. 2020ರ ಜನವರಿಯಲ್ಲಿ ಮಹದಾಯಿಯ ಅಭಯಾರಣ್ಯದಲ್ಲಿ ನಾಲ್ಕು ಹುಲಿಗಳು ವಿಷಕ್ಕೆ ಬಲಿಯಾದುವು. ಹುಲಿಗೆ ದನವನ್ನು ಕಳೆದುಕೊಂಡ ಬಡವನ ಸಂಕಟವೂ ಸಣ್ಣದಲ್ಲ. ಅವನಿಗೆ ತಕ್ಕ ಪರಿಹಾರ ಬೇಗನೆ ದೊರೆತರೆ ಹುಲಿಯೂ ಉಳಿದೀತು. ಒಂದು ಕಡೆ ಕಾವಲಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಅರ್ಧ ಬೇಲಿ ಹಾಕಿದ ಹೊಲದ ಗತಿಯೇ ಅಡವಿಗೂ ಬರುವುದು.

ನಕಾಶೆಯಲ್ಲಿ ಗಡಿಗೆರೆಯನ್ನು ಗುರುತಿಸುವ ನಮ್ಮ ವಿದ್ಯಾರ್ಥಿಗಳು ಅದನ್ನು ದಾಟಿ ಹರಿಯುವ ಹೊಳೆಯನ್ನೂ ಗುರುತಿಸಲಿ. ಆಡಳಿತಕ್ಕೆ ಗಡಿ ಬೇಕು. ಕಾಡನ್ನು ಕಾಯುವ ಹೊಣೆಗೆ ಅದು ಅಡ್ಡಿಯಾಗಬಾರದು.