ಹೈದರಾಬಾದಿನಲ್ಲಿ ಕಡಲಿಲ್ಲ, ಆದರೂ 'ಸಾಗರ'ವಿದೆ: ದಸರಾ ರಜೆಗೆ ಹೋಗುವವರು ಗಮನಿಸಿ

ಹೈದರಾಬಾದ್: ದಸರಾ ರಜೆಗೆ ಮಕ್ಕಳೊಂದಿಗೆ ಹೈದರಾಬಾದಿಗೆ ಹೋದವರು ಸಾಮಾನ್ಯವಾಗಿ ಹುಸೇನ್ ಸಾಗರ ನೋಡದೆ ಬರುವುದಿಲ್ಲ. ಹೆಸರಿಗಷ್ಟೇ ಸಾಗರ, ನಿಜಕ್ಕೂ ಇದು ಇಬ್ರಾಹಿಂ ಕುಲಿ ಕುತುಬ್ ಶಾಹ್ ಕಾಲದಲ್ಲಿ, 1562ರ ಸುಮಾರಿಗೆ ಕಟ್ಟಿದ ಕೆರೆ. ಹೈದರಾಬಾದ್ ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಕೆರೆಗೇ ವಯಸ್ಸು ಜಾಸ್ತಿ!

ಲುಂಬಿನಿ ಪಾರ್ಕ್‌ನಲ್ಲಿ ದೋಣಿ ಹತ್ತಿದರೆ ಕೆರೆ ನಡುವಿನ ಬುದ್ಧನ ಬಳಿ ಇಳಿಯಬಹುದು. ಈ ಏಕಶಿಲಾ ಮೂರ್ತಿ ಅಲ್ಲಿ ಸುಲಭವಾಗಿ ನಿಂತಿದ್ದಲ್ಲ. 1990ರ ಮಾರ್ಚ್ 10ರಂದು ನೀರಿನ ಮೇಲೆ ಸಾಗಿಸುವಾಗ ಮೂರ್ತಿ ಕೆರೆಗೆ ಉರುಳಿತು. ಜತೆಗಿದ್ದ ಹಲವರು ಜೀವ ಕಳೆದುಕೊಂಡರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ತಳದಲ್ಲೇ ಮಲಗಿದ್ದ ಬುದ್ಧನನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್‌ನಲ್ಲಿ. ಹಾಗಾಗಿ ದೋಣಿಯಲ್ಲಿ ಮಕ್ಕಳು ಲೈಫ್ ಜಾಕೆಟ್ ಬೇಡವೆಂದು ಹಟ ಮಾಡಿದರೆ ಮಣಿಯಬೇಡಿ.

ಟ್ಯಾಂಕ್ ಬಂಡ್ ಮೇಲಿನ ಪ್ರತಿಮೆಗಳಲ್ಲಿ ಶ್ರೀಕೃಷ್ಣದೇವರಾಯ, ಬಸವಣ್ಣ ಇದ್ದಾರೆ. ಕನ್ನಡಿಗರಿಗೆ ಅಲ್ಲೊಂದು ಫೋಟೊ ಕಡ್ಡಾಯ ಎನ್ನಬಹುದು.

ಒಂದು ಎಚ್ಚರಿಕೆ. ದಶಕಗಳಿಂದ ನಗರದ ಕೊಳಚೆ ಈ ಕೆರೆ ಸೇರುತ್ತಾ ಬಂದಿದೆ, ಗಣೇಶ ವಿಸರ್ಜನೆಯೂ ಇಲ್ಲೇ. ಕಡಲ ತೀರವೆಂದುಕೊಂಡು ಮಕ್ಕಳನ್ನು ನೀರಿಗಿಳಿಸಬೇಡಿ. ಸಂಜೆ ದಂಡೆ ಮೇಲೆ ನಡೆಯಿರಿ, ಕತ್ತಲಾದ ಮೇಲೆ ಬುದ್ಧನ ಮೇಲೆ ಬೀಳುವ ದೀಪ ನೋಡಿಯೇ ಹೊರಡಿ.