ಎರಡನೆಯವನ ತಾಳ್ಮೆ

ಪಂದ್ಯದಲ್ಲಿ ಮೊದಲಿಗನಾದವನ ಹೆಸರನ್ನು ಲೋಕವು ಬಹುಕಾಲ ನೆನೆಯುವುದು. ಎರಡನೆಯವನನ್ನು ಮರುದಿನವೇ ಮರೆತುಬಿಡುವುದು. ಹೀಗೆ ಎರಡು ಸಲ ಎರಡನೆಯವನಾಗಿಯೂ ಎದೆಗುಂದದಿದ್ದ ಬೆಲ್ಜಿಯಂ ದೇಶದ ಸೈಕಲ್ ಸವಾರ ಸ್ಟಾನ್ ಓಕರ್ಸನ ಕಥೆಯು ಮನೆಯ ಮಕ್ಕಳಿಗೆ ಹೇಳತಕ್ಕದ್ದು.

ಓಕರ್ಸನು 1920ರ ಫೆಬ್ರವರಿ 3ರಂದು ಆಂಟ್‌ವರ್ಪ್ ರೇವುಪಟ್ಟಣದ ಮಗ್ಗುಲಲ್ಲಿರುವ ಬೋರ್ಗರ್‌ಹೌಟ್ ಎಂಬಲ್ಲಿ ಜನಿಸಿದನು. 1941ರಲ್ಲಿ, ದೇಶವು ಜರ್ಮನರ ವಶದಲ್ಲಿದ್ದ ಕಷ್ಟಕಾಲದಲ್ಲಿಯೇ, ಸೈಕಲ್ ಪಂದ್ಯವನ್ನು ವೃತ್ತಿಯಾಗಿ ಕೈಕೊಂಡನು.

ಸೈಕಲ್ ಪಂದ್ಯಗಳಲ್ಲೆಲ್ಲ ಹಿರಿದಾದುದು ‘ಫ್ರಾನ್ಸಿನ ಸುತ್ತು’. ಆ ಕಾಲದಲ್ಲಿ ಸವಾರರು ಮೂರು ವಾರಗಳಿಗೂ ಮಿಕ್ಕಿ ಬಯಲನ್ನೂ ಬೆಟ್ಟಗಳನ್ನೂ ದಾಟಿ, 4,700 ಕಿಲೋಮೀಟರಿಗಿಂತ ಹೆಚ್ಚು ದೂರವನ್ನು ತುಳಿಯಬೇಕಾಗಿದ್ದಿತು. ದಿನದಿನದ ವೇಳೆಯನ್ನು ಕೂಡಿಸಲು ಯಾರದು ಕಡಮೆಯೋ ಅವನೇ ವಿಜಯಿ. 1950ರಲ್ಲಿ ಸ್ವಿಟ್ಸರ್ಲೆಂಡಿನ ಫರ್ಡಿ ಕ್ಯೂಬ್ಲರನು ಗೆಲ್ಲಲು, ಓಕರ್ಸನು ಒಂಬತ್ತೂವರೆ ನಿಮಿಷ ಹಿಂದುಳಿದು ಎರಡನೆಯವನಾದನು. 1952ರಲ್ಲಿಯೂ ಎರಡನೆಯ ಸ್ಥಾನವೇ. ಆಗ ಗೆದ್ದವನು ಇಟಲಿಯ ಮಹಾವೀರ ಫೌಸ್ಟೊ ಕೊಪ್ಪಿ. ಅವರಿಬ್ಬರ ಅಂತರವು 28 ನಿಮಿಷ 17 ಸೆಕೆಂಡು! ಇಷ್ಟು ದೂರ ಬಿದ್ದ ಮೇಲೆ ಎಷ್ಟೋ ಜನರು ಕೈಚೆಲ್ಲುತ್ತಿದ್ದರು.

ಓಕರ್ಸನು ಕೈಚೆಲ್ಲಲಿಲ್ಲ. ಮೂವತ್ತೈದನೆಯ ವಯಸ್ಸಿನಲ್ಲಿ, ಸವಾರರ ಕಾಲು ಸೋಲತೊಡಗುವ ಹೊತ್ತಿನಲ್ಲಿ, ಅವನಿಗೆ ಭಾಗ್ಯೋದಯವಾಯಿತು. 1955ರಲ್ಲಿ ಆರ್ಡೆನ್ ಗುಡ್ಡಗಾಡಿನ ಎರಡು ಕಠಿಣ ಪಂದ್ಯಗಳನ್ನು, ಫ್ಲೆಶ್ ವಾಲೋನ್ ಹಾಗೂ ಲಿಯೇಜ್–ಬಾಸ್ತೋನ್–ಲಿಯೇಜುಗಳನ್ನು, ಒಂದೇ ವರ್ಷದಲ್ಲಿ ಗೆದ್ದನು. ಫ್ರಾನ್ಸಿನ ಸುತ್ತಿನಲ್ಲಿ ಪ್ರತಿದಿನವೂ ಮುಂದಿನ ಸಾಲಿನಲ್ಲಿ ಗುರಿ ಮುಟ್ಟುವವನಿಗೆ ಸಲ್ಲುವ ಹಸುರಂಗಿಯನ್ನು ಆ ವರ್ಷವೂ ಮರುವರ್ಷವೂ ಪಡೆದನು. ರೋಮಿನ ಸಮೀಪದ ಫ್ರಸ್ಕಾಟಿಯಲ್ಲಿ ಜಗಜ್ಜೇತನಾಗಿ ಕಾಮನಬಿಲ್ಲಿನ ಪಟ್ಟೆಯ ಅಂಗಿಯನ್ನು ತೊಟ್ಟನು.

ಆದರೆ ವಿಧಿಯ ಆಟವೇ ಬೇರೆ. 1956ರ ಸೆಪ್ಟೆಂಬರ್ 29ರಂದು ತನ್ನ ಊರಾದ ಆಂಟ್‌ವರ್ಪಿನ ಕ್ರೀಡಾಮಂದಿರದಲ್ಲಿ ಸೈಕಲ್ ಓಡಿಸುತ್ತಿರುವಾಗ ಕೆಡೆದುಬಿದ್ದು ತೀವ್ರವಾಗಿ ಗಾಯಗೊಂಡು, ಅಕ್ಟೋಬರ್ 1ರಂದು ಅಸುನೀಗಿದನು. ಆಗ ಅವನಿಗೆ 36 ವರ್ಷ. ಅವನು ಗೆದ್ದ ಆರ್ಡೆನ್ ಸೀಮೆಯ ಗೋಂಜೆ-ಅಂದುಮೋನಿನಲ್ಲಿ, ಏರುದಾರಿಯ ಬದಿಗೆ, ಅವನ ಸ್ಮಾರಕವನ್ನು ನಿಲ್ಲಿಸಿದ್ದಾರೆ.

ಅವನು ಸತ್ತಾಗ ಬೆಲ್ಜಿಯಂನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದನು. ಓಕರ್ಸನೇ ಅವನ ಪಾಲಿನ ಆದರ್ಶ ಪುರುಷ. ಆ ಹುಡುಗನೇ ಎಡ್ಡಿ ಮೆರ್ಕ್ಸ್. ತನ್ನ ಆದರ್ಶನಿಗೆ ಎರಡು ಸಲ ಕೈತಪ್ಪಿದ ಫ್ರಾನ್ಸಿನ ಸುತ್ತನ್ನು 1969ರಿಂದ 1974ರೊಳಗೆ ಐದು ಸಲ ಗೆದ್ದವನು. ಎರಡನೆಯವನನ್ನು ಎಲ್ಲರೂ ಮರೆಯುವುದಿಲ್ಲ. ಯಾವನೋ ಒಬ್ಬ ಬಾಲಕನು ಅವನನ್ನೇ ನೋಡುತ್ತ ಬೆಳೆಯುತ್ತಿರುವನು.